ಹಿಂದಿನ ಗೋಡೆ

"ಇಲ್ಲಿ ಹೆಬ್ಬೆರಳು ಇಟ್ಟು ನೋಡಿ," ಎಂದಳು ಸುಮಿಂತ್ರಾ. "ಪರವಾಗಿಲ್ಲ, ಇಡಿ."

ಕಟ್ಟಡ ಕೊಳ್ಳಲೆಂದು ಲೌಟೋಕಾ ಊರಿನಿಂದ ಬಂದಿದ್ದ ಪೊನ್ನುಸಾಮಿ ಬೆರಳಿಟ್ಟ. ಅವಳ ಅಡುಗೆಮನೆಯ ಕಿಟಕಿಯ ಮೂಲೆಯಿಂದ ಹೊರಟು ನೆಲದವರೆಗೆ ಓರೆಯಾಗಿ ಇಳಿದ ಬಿರುಕು ಅದು. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಗೋಡೆ ಒದ್ದೆಯಾಗಿದ್ದರಿಂದ ಬಿರುಕು ಇದ್ದದ್ದಕ್ಕಿಂತ ಕಪ್ಪಾಗಿ, ಆಳವಾಗಿ ಕಾಣುತ್ತಿತ್ತು. ಮಳೆ ನಿಲ್ಲುವುದನ್ನೇ ಕಾದು ಅವನನ್ನು ಹಿತ್ತಲಿಗೆ ಕರೆತಂದವಳು ಅವಳೇ. ಮಾರಾಟ ಮಾಡಿಸುವ ಏಜೆಂಟ್ ಹೆಂಗಸು ಪೊನ್ನುಸಾಮಿಯ ಹೆಂಡತಿಗೆ ಮೇಲಿನ ಮನೆಗಳನ್ನು ತೋರಿಸುತ್ತಿದ್ದಳು. ಅವರ ಚಪ್ಪಲಿಯ ಸದ್ದು ತಲೆಯ ಮೇಲೆ ಆ ಕೋಣೆಯಿಂದ ಈ ಕೋಣೆಗೆ ಓಡಾಡುತ್ತಿತ್ತು.

"ಯಾವಾಗಿಂದ ಇದೆ ಇದು?"

"ಮೊದಲು ಕೂದಲೆಳೆಯಷ್ಟಿತ್ತು. ಎರಡು ಮಳೆಗಾಲದಿಂದ ಬೆಳೀತಾ ಇದೆ. ಜನವರಿ ಮಳೆ ಬಂತು ಅಂದ್ರೆ ನಮ್ಮ ಹಿಂದಿನ ಬಾಗಿಲು ಚೌಕಟ್ಟಿಗೆ ಕೂರೋದೇ ಇಲ್ಲ. ಗೋಡೆ ಕುಸಿದು ಕೂರ್ತಾ ಇದೆ ಅಂತ ಕಾಣುತ್ತೆ."

ಪೊನ್ನುಸಾಮಿ ಕುಕ್ಕರುಗಾಲಲ್ಲಿ ಕೂತು ಗೋಡೆಯ ಬುಡದ ಮಣ್ಣನ್ನು ಕಾರಿನ ಕೀಲಿಯಿಂದ ಕೆದಕಿದ. ಎರಡು ಲಾರಿ ಇಟ್ಟುಕೊಂಡು ಕಬ್ಬು ಸಾಗಿಸಿ ದುಡ್ಡು ಮಾಡಿದವನು. ರಾಜಧಾನಿಯಲ್ಲಿ ಬಾಡಿಗೆ ಬರುವ ಕಟ್ಟಡ ಒಂದಿರಲಿ ಎಂದು ಸುವಾಕ್ಕೆ ಬಂದಿದ್ದ. ಮೇಲೆದ್ದವನು ಅವಳ ಮುಖವನ್ನೇ ನೋಡಿದ.

"ನೀವಿಲ್ಲಿ ಎಷ್ಟು ವರ್ಷದಿಂದ ಇದ್ದೀರಿ?"

"ಹತ್ತೊಂಬತ್ತು."

"ಇಷ್ಟೆಲ್ಲ ಗೊತ್ತಿದ್ದೂ ಬಿಟ್ಟು ಹೋಗ್ಲಿಲ್ವಾ?"

"ಎಲ್ಲಿಗೆ ಹೋಗೋದು?" ಎಂದಳು ಸುಮಿಂತ್ರಾ. ಆ ಹಿತ್ತಲಲ್ಲಿ ಅವಳಾಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಅರ್ಧ ಗಂಟೆಯಲ್ಲಿ ಅವನ ಕಾರು ಇಳಿಜಾರಿನಲ್ಲಿ ಮರೆಯಾಯಿತು. ಮುಂಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಗಂಡ ಬಿಸುನ್, ಬಂದವರಿಗೆಲ್ಲ ಕೈಯೆತ್ತುವಂತೆ ಅವನಿಗೂ ಕೈಯೆತ್ತಿದ. ಆ ಕಡೆಯಿಂದ ಯಾರೂ ಕೈಯೆತ್ತಲಿಲ್ಲ.

ಬಿರುಕಿನ ಕಥೆ ಸುಮಿಂತ್ರಾಗೆ ಚೆನ್ನಾಗಿ ಗೊತ್ತಿತ್ತು. ಮೊದಲು ನೀರಿನ ಟ್ಯಾಂಕು ಅಲ್ಲಿ, ಗೋಡೆಗೆ ಅಂಟಿಸಿ ಕಟ್ಟಿದ ಕಟ್ಟೆಯ ಮೇಲೆ ಕೂತಿತ್ತು. ಹದಿನೈದು ವರ್ಷದ ಹಿಂದಿನ ಚಂಡಮಾರುತದಲ್ಲಿ ಟ್ಯಾಂಕು ಉರುಳಿತು, ಕಟ್ಟೆ ಕಿತ್ತು ಬಂತು, ಅದರ ಜೊತೆಗೆ ಗೋಡೆಯ ಗಾರೆಯೂ ಸೀಳಿತು. ಬರೀ ಗಾರೆ. ಅಂದಿನಿಂದ ಆ ಸೀಳು ಒಂದು ನೂಲಿನಷ್ಟೂ ಬೆಳೆದಿರಲಿಲ್ಲ. ಹಿಂದಿನ ಬಾಗಿಲು ಜನವರಿಯಲ್ಲೂ ಜುಲೈಯಲ್ಲೂ ಒಂದೇ ರೀತಿ ಮುಚ್ಚುತ್ತಿತ್ತು.

ಆದರೆ ಯಾವ ಮಾತಿಗೆ ಕೊಳ್ಳುವವನು ಓಡುತ್ತಾನೆ ಎಂಬುದೂ ಅವಳಿಗೆ ಗೊತ್ತಿತ್ತು. ಪೇಟೆಯಲ್ಲಿ ಆಸ್ತಿಗಳಿಗೆ ಬೆಲೆ ಕಟ್ಟುವ ಕಚೇರಿಯೊಂದರಲ್ಲಿ ಅವಳು ಇಪ್ಪತ್ತೆರಡು ವರ್ಷ ಟೈಪಿಸ್ಟ್ ಆಗಿದ್ದಳು. ಎರಡು ಅಂತಸ್ತು, ನಾಲ್ಕು ಮನೆ, ಸಿಮೆಂಟ್ ಇಟ್ಟಿಗೆ, ತಗಡಿನ ಮಾಡು: ಇಂಥ ಸಾವಿರಾರು ಕಟ್ಟಡಗಳ ಹಣೆಬರಹ ಅವಳ ಬೆರಳ ತುದಿಯಿಂದ ಇಳಿದಿತ್ತು. ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟು ದಿನ ಮನೆ ಖಾಲಿ ಬಿದ್ದಿರುತ್ತದೆ, ನಗರಸಭೆಯ ತೆರಿಗೆ, ವಿಮೆ, ರಿಪೇರಿ ಕಳೆದು ಕೈಯಲ್ಲಿ ಉಳಿಯುವುದೆಷ್ಟು, ಅದರ ಎಷ್ಟು ಪಟ್ಟು ಕೊಟ್ಟರೆ ನ್ಯಾಯದ ಬೆಲೆ, ಇದೆಲ್ಲ ಅವಳಿಗೆ ರೊಟ್ಟಿಯ ಹಿಟ್ಟಿಗೆ ಎಷ್ಟು ನೀರು ಎನ್ನುವಷ್ಟೇ ಸಲೀಸು. ಸಾಹೇಬರು ತಪ್ಪಿ ಬರೆದದ್ದನ್ನು ಅವಳು ಎಷ್ಟೋ ಸಲ ಕೇಳದೆಯೇ ತಿದ್ದಿದ್ದಳು. ಮಾಡು ಸೋರುತ್ತದೆ ಎಂದರೆ ಕೊಳ್ಳುವವನು ಐದು ಸಾವಿರ ಇಳಿಸಿ ಕೇಳುತ್ತಾನೆ. ಮಲದ ಗುಂಡಿ ತುಂಬುತ್ತದೆ ಎಂದರೆ ಇನ್ನೆರಡು ಸಾವಿರ. ಆ ನಿಜಗಳನ್ನು ಅವಳು ಪೊನ್ನುಸಾಮಿಗಿಂತ ಮೊದಲು ಬಂದ ಮೂವರಿಗೆ ಹೇಳಿ ನೋಡಿದ್ದಳು. ಅವರು ತಲೆಯಾಡಿಸಿ ಬರೆದುಕೊಂಡಿದ್ದರು, ಅಷ್ಟೆ. ಗೋಡೆ ಕೂರುತ್ತಿದೆ ಎಂದರೆ ಬರೆದುಕೊಳ್ಳುವುದಿಲ್ಲ, ಎದ್ದು ಹೋಗುತ್ತಾರೆ.

ಕಟ್ಟಡ ಲಖನ್ ಮಾಸ್ಟರದ್ದು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು, ಸಂಬಳ ಉಳಿಸಿ, ಸ್ವತಃ ನಿಂತು, ಮೂವತ್ತನಾಲ್ಕು ವರ್ಷದ ಹಿಂದೆ ಸಾಮಾಬುಲಾ ಬಡಾವಣೆಯ ಈ ಇಳಿಜಾರಿನಲ್ಲಿ ಕಟ್ಟಿಸಿದ್ದು. ಹೆಂಡತಿ ತೀರಿಕೊಂಡ ಮೇಲೆ ಆಕ್ಲೆಂಡಿನ ಮಗಳು ಕರೆಯುತ್ತಲೇ ಇದ್ದಳು. ಎಪ್ಪತ್ತೊಂಬತ್ತಕ್ಕೆ ಅವರು ಹೂಂ ಎಂದರು. ಕೇಳಿದ ಬೆಲೆ ಎರಡು ಲಕ್ಷ ಎಂಬತ್ತು ಸಾವಿರ ಡಾಲರ್. ಫಲಕ ನೆಟ್ಟ ದಿನ ಮಾಸ್ಟರ್ ಪ್ರತಿ ಮನೆಗೂ ಬಂದು, ಕೊಳ್ಳುವವರಿಗೆ ಬಾಡಿಗೆದಾರರನ್ನು ಇಟ್ಟುಕೊಳ್ಳಿ ಎಂದು ಹೇಳುತ್ತೇನೆ, ಕೇಳುವುದು ಬಿಡುವುದು ಅವರಿಗೆ ಸೇರಿದ್ದು ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋಗಿದ್ದರು.

ಆ ದಿನದಿಂದ ಸುಮಿಂತ್ರಾಗೆ ಅನ್ನ ರುಚಿಸಲಿಲ್ಲ. ಬಿಸುನ್ ಮೂವತ್ತು ವರ್ಷ ಬಸ್ಸು ಓಡಿಸಿದವನು. ಸಕ್ಕರೆ ಕಾಯಿಲೆ ಎರಡು ವರ್ಷದ ಹಿಂದೆ ಅವನ ಬಲಗಾಲನ್ನು ಮೊಣಕಾಲಿನ ಮೇಲಿಂದ ತಿಂದಿತ್ತು. ಈಗ ಎಡಗಾಲಿನ ಹಿಮ್ಮಡಿಯಲ್ಲೂ ವಾಸಿಯಾಗದ ಹುಣ್ಣು. ವಾರಕ್ಕೆ ಮೂರು ಸಲ ದೊಡ್ಡಾಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಬೇಕು. ನೆಲದಂತಸ್ತಿನ ಮನೆ ಆದ್ದರಿಂದ ನಡೆಯುತ್ತಿತ್ತು. ಮುಂಬಾಗಿಲಿನಿಂದ ರಸ್ತೆಯವರೆಗೆ ಸಿಮೆಂಟಿನ ಇಳಿಜಾರು ಮಾಡಿಸಿದ್ದಳು, ಕುರ್ಚಿ ಸೀದಾ ಟ್ಯಾಕ್ಸಿಯ ಬಾಗಿಲಿಗೆ ಹೋಗುತ್ತಿತ್ತು. ಹೊಸ ಮಾಲೀಕ ಬಿಡಿಸಿದರೆ? ಅವಳು ನಾಬುವಾದಿಂದ ರೈವಾಂಗಾವರೆಗೆ ಬಡಾವಣೆ ಬಡಾವಣೆ ಸುತ್ತಿ ಕಾಲು ಸವೆಸಿದಳು. ಹನ್ನೊಂದು ಮನೆ ನೋಡಿದಳು. ಸುವಾ ಗುಡ್ಡಗಳ ಊರು. ಎಲ್ಲಿ ಹೋದರೂ ಮೆಟ್ಟಿಲು. ಮೆಟ್ಟಿಲಿಲ್ಲದ ಕಡೆ ಬಾಡಿಗೆ ಈಗಿನ ಒಂದೂವರೆ ಪಟ್ಟು, ಇಲ್ಲವೇ ಪಾಯಿಖಾನೆ ಹೊರಗೆ, ಕೆಸರಿನ ಆಚೆ.

ನಾವೇ ಯಾಕೆ ಕೊಳ್ಳಬಾರದು ಎಂಬ ಮಾತು ಮೊದಲು ಬಂದದ್ದು ಮೇಲಿನ ಮನೆಯ ತಾರುಸಿಲಾ ಬಾಯಿಂದ, ಅದೂ ತಮಾಷೆಗೆ. ತಾರುಸಿಲಾ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಇದ್ದವಳು, ವಿಧವೆ, ದೊಡ್ಡ ದೇಹ, ದೊಡ್ಡ ನಗು. ಹದಿನಾರು ವರ್ಷದಿಂದ ಇಬ್ಬರೂ ಒಂದೇ ತಂತಿಗೆ ಬಟ್ಟೆ ಹರವಿದವರು. ಅವಳ ಮಗ ಇಂಗ್ಲೆಂಡಿನ ಸೈನ್ಯದಲ್ಲಿ ಇದ್ದ. ಅವನು ಕಳಿಸಿದ್ದನ್ನು ಮುಟ್ಟದೆ ಇಟ್ಟಿದ್ದಳು.

ಸುಮಿಂತ್ರಾ ಹಳೆಯ ವರದಿಯೊಂದರ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ತನ್ನ ಭವಿಷ್ಯನಿಧಿ ಇಪ್ಪತ್ತೊಂದು ಸಾವಿರ, ಕೆಲಸ ಬಿಟ್ಟಾಗ ಬಿಸುನ್‌ಗೆ ಬಂದ ಪರಿಹಾರದಲ್ಲಿ ಉಳಿದ ಎಂಟು, ತಾರುಸಿಲಾಳ ಹದಿನೈದು. ಒಟ್ಟು ನಲವತ್ತನಾಲ್ಕು. ಬ್ಯಾಂಕಿಗೆ ಬೆಲೆಯ ಐದನೇ ಒಂದು ಭಾಗ ಮುಂಗಡ ಬೇಕು. ನಾಲ್ಕು ಮನೆಯ ಬಾಡಿಗೆ ತಿಂಗಳಿಗೆ ಸಾವಿರದ ಎಂಟುನೂರು, ಖರ್ಚು ಕಳೆದರೆ ಸಾವಿರದ ನಾನೂರೈವತ್ತು. ಹೇಗೆ ತಿರುಗಿಸಿ ಮುರುಗಿಸಿ ನೋಡಿದರೂ ಆ ಕಾಗದ ಒಂದೇ ಉತ್ತರ ಕೊಡುತ್ತಿತ್ತು: ಎರಡು ಲಕ್ಷ ಇಪ್ಪತ್ತು ಸಾವಿರವಾದರೆ ಕಟ್ಟಡ ತನ್ನ ಕಂತನ್ನು ತಾನೇ ಕಟ್ಟಿಕೊಳ್ಳುತ್ತದೆ. ಎರಡು ಎಂಬತ್ತಕ್ಕೆ ಕೊಂಡರೆ ಎಲ್ಲರೂ ಮುಳುಗುತ್ತಾರೆ. ನಡುವೆ ಅರವತ್ತು ಸಾವಿರ. ಆ ಅರವತ್ತು ಸಾವಿರವನ್ನೇ ಅವಳು ಗೋಡೆಯ ಬಿರುಕಿನಲ್ಲಿ ಹುಡುಕಿದ್ದಳು.

ಬಿರುಕಿನ ಸುಳ್ಳನ್ನು ತಾರುಸಿಲಾಗೆ ಹೇಳಲಿಲ್ಲ. ಬಿಸುನ್‌ಗೂ ಹೇಳಲಿಲ್ಲ.

ಮಾತಿಗೆ ಕಾಲಿಲ್ಲದಿದ್ದರೂ ಊರು ಸುತ್ತುತ್ತದೆ. ಪೊನ್ನುಸಾಮಿ ಏಜೆಂಟಿಗೆ ಹೇಳಿದ, ಏಜೆಂಟ್ ಕಚೇರಿಯಲ್ಲಿ ಹೇಳಿದಳು. ಎರಡು ತಿಂಗಳು ಫಲಕದ ಬುಡದಲ್ಲಿ ಹುಲ್ಲು ಬೆಳೆಯಿತು, ಕೇಳುವವರಿಲ್ಲ. ಮೂರನೇ ತಿಂಗಳು ಸುಮಿಂತ್ರಾ ಒಗೆದ ಸೀರೆಯುಟ್ಟು ಮಾಸ್ಟರ ಮನೆಗೆ ಹೋದಳು. ಎರಡು ಇಪ್ಪತ್ತು ಎಂದಳು. ಅವರು ಮಗಳನ್ನು ಕೇಳಿ ಹೇಳುತ್ತೇನೆ ಎಂದರು. ನಾಲ್ಕು ದಿನದ ಮೇಲೆ ಫೋನು ಬಂತು. ಮಗಳು ಒಪ್ಪಿದ್ದಳು.

ತಾರುಸಿಲಾ ಅವತ್ತು ಮೇಲಿಂದ ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು ತಂದಳು. "ಏನ್ ಅಣ್ಣ," ಎಂದು ಬಿಸುನ್‌ನ ಹೆಗಲಿಗೆ ಗುದ್ದಿದಳು, "ಇನ್ನು ನೀನು ನನಗೆ ಮಾಲೀಕ, ನಾನು ನಿನಗೆ ಮಾಲೀಕಿ. ನಲ್ಲಿ ಕೆಟ್ರೆ ಯಾರು ಯಾರನ್ನ ಬೈಯೋದು?"

"ಇಬ್ಬರೂ ಸೇರಿ ಇವಳನ್ನ ಬೈಯೋಣ," ಎಂದ ಬಿಸುನ್.

ಕಾಲು ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ಸುಮಿಂತ್ರಾ ನೋಡಿರಲಿಲ್ಲ. ಮೀನಿನ ಮುಳ್ಳು ಬಿಡಿಸುವ ನೆವದಲ್ಲಿ ತಟ್ಟೆಗೆ ಬಗ್ಗಿ ಕೂತಳು.

ಬ್ಯಾಂಕಿನ ಪರವಾಗಿ ಕಟ್ಟಡ ನೋಡಲು ಬಂದವನು ಎರೋನಿ. ಅವಳ ಹಳೆಯ ಕಚೇರಿಯವನೇ. ಹೊಸದಾಗಿ ಸೇರಿದ್ದಾಗ ವರದಿ ಬರೆಯುವ ರೀತಿಯನ್ನು ಅವಳ ಮೇಜಿನ ಪಕ್ಕ ನಿಂತೇ ಕಲಿತಿದ್ದ. ಈಗ ತಲೆಯ ಅಂಚಿನಲ್ಲಿ ನರೆ ಬಂದಿತ್ತು. ಸೊಂಟಕ್ಕೆ ಪಂಚೆಯಂತೆ ಸುತ್ತಿದ್ದ ಸುಲುವನ್ನು ತುಸು ಎತ್ತಿ ಕಟ್ಟಿಕೊಂಡು ಮಾಡಿನ ಮೇಲೆ ಹತ್ತಿದ, ಗುಂಡಿಯ ಮುಚ್ಚಳ ಎತ್ತಿಸಿದ, ಕೊನೆಗೆ ಹಿಂದಿನ ಗೋಡೆಯ ಮುಂದೆ ನಿಂತ. ತೂಗುಗುಂಡು ಇಳಿಬಿಟ್ಟು ನೋಡಿದ. ಬಿರುಕಿನ ಪಕ್ಕದ ಗಾರೆಯನ್ನು ಉಳಿಯಿಂದ ತಟ್ಟಿ ಅಂಗೈಯಗಲ ಉದುರಿಸಿದ. ಒಳಗಿನ ಇಟ್ಟಿಗೆಯ ಸಾಲು ಇದ್ದ ಹಾಗೇ ಇತ್ತು.

"ಇಲ್ಲಿ ಟ್ಯಾಂಕ್ ಇತ್ತಾ ಅಕ್ಕ?"

"ಇತ್ತು."

"ಗಾರೆ ಮಾತ್ರ. ಗೋಡೆ ಕಲ್ಲಿನ ಹಾಗಿದೆ." ಅವನು ತೂಗುಗುಂಡಿನ ದಾರವನ್ನು ನಿಧಾನವಾಗಿ ಬೆರಳಿಗೆ ಸುತ್ತಿದ. "ಇದು ಕೂರ್ತಾ ಇದೆ ಅಂತ ಪೇಟೆಯಲ್ಲೆಲ್ಲ ಸುದ್ದಿ. ಯಾರು ಹಬ್ಬಿಸಿದ್ರೋ."

ಸುಮಿಂತ್ರಾ ಉದುರಿದ ಗಾರೆಯ ಚೂರುಗಳನ್ನು ಕಾಲಿನಿಂದ ಒಂದೆಡೆ ಸರಿಸಿದಳು. ಅವನು ಅವಳನ್ನೇ ನೋಡಿದ. ತನಗಿಂತ ಹೆಚ್ಚು ಬಿರುಕುಗಳ ಬಗ್ಗೆ ಟೈಪು ಮಾಡಿದ ಹೆಂಗಸು ಇವಳು ಎಂಬುದು ಅವನಿಗೆ ಗೊತ್ತಿತ್ತು.

"ಎಷ್ಟಕ್ಕೆ ಕುದುರ್ತು?"

"ಎರಡು ಇಪ್ಪತ್ತಕ್ಕೆ."

ಎರೋನಿ ಚೀಲದ ಜಿಪ್ಪು ಎಳೆದ. "ಕಟ್ಟಡ ಎಷ್ಟು ಬೆಲೆ ಬಾಳುತ್ತೆ ಅಂತ ಬ್ಯಾಂಕು ಕೇಳಿದೆ, ಬರೀತೀನಿ. ಎರಡು ಎಂಬತ್ತು ಬಾಳುತ್ತೆ. ಕೊಳ್ಳೋರು ಯಾಕೆ ಕಮ್ಮಿಗೆ ಕೊಳ್ತಿದ್ದಾರೆ ಅಂತ ಅವರು ಕೇಳಿಲ್ಲ." ಗೇಟಿನವರೆಗೆ ಹೋಗಿ ತಿರುಗಿದ. "ಮಾಸ್ಟರ್ ನನಗೂ ಗಣಿತ ಕಲಿಸಿದ್ರು ಅಕ್ಕ," ಎಂದಷ್ಟೇ ಹೇಳಿ ಹೋದ.

ಸಾಲ ಮಂಜೂರಾಯಿತು. ಬ್ಯಾಂಕಿನ ಪತ್ರವನ್ನು ಸುಮಿಂತ್ರಾ ಅಕ್ಕಿ ಡಬ್ಬದ ಕೆಳಗೆ ಇಟ್ಟಳು. ಇನ್ನು ಉಳಿದದ್ದು ಒಪ್ಪಂದಕ್ಕೆ ರುಜು. ಅದು ಬುಧವಾರ, ವಕೀಲರ ಕಚೇರಿಯಲ್ಲಿ. ಸುಮ್ಮನಿದ್ದರೆ ಸಾಕಿತ್ತು. ಬುಧವಾರದವರೆಗೆ, ಐದು ದಿನ, ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ತನಗೆ ತಾನೇ ಎಷ್ಟೋ ಸಮಾಧಾನ ಹೇಳಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಈ ಕಟ್ಟಡಕ್ಕೆ ನಾವು ಕೊಟ್ಟ ಬಾಡಿಗೆ ಎಷ್ಟಾಯಿತು? ಮಾಸ್ಟರಿಗೆ ಆಕ್ಲೆಂಡಿನಲ್ಲಿ ಮಗಳ ದೊಡ್ಡ ಮನೆ ಇದೆ. ಅವರಿಗೆ ಎರಡು ಕಾಲು ಇದೆ.

ಸೋಮವಾರ ಮಧ್ಯಾಹ್ನ ಮಾಸ್ಟರ್ ತಾವಾಗಿಯೇ ಬಂದರು. ಕೊಡೆ ಮಡಿಸಿ ಬಾಗಿಲಿಗೆ ಒರಗಿಸಿ, ಬಿಸುನ್‌ನ ಕಾಲಿನ ಯೋಗಕ್ಷೇಮ ಕೇಳಿ, ಅಡುಗೆಮನೆಯ ಮೇಜಿನ ಮುಂದೆ ಕೂತರು. ಮೂರು ತಿಂಗಳಲ್ಲಿ ಅವರು ಕುಗ್ಗಿದ್ದರು. ಅಂಗಿಯ ಕತ್ತು ಕೊರಳಿಗಿಂತ ದೊಡ್ಡದಾಗಿತ್ತು. ಸುಮಿಂತ್ರಾ ಹಾಲಿನ ಪುಡಿ ಹಾಕಿದ ಚಹಾ ಇಟ್ಟಳು. ಅವರು ಅದನ್ನು ಮುಟ್ಟಲಿಲ್ಲ.

"ಬುಧವಾರಕ್ಕೆ ಮೊದಲು ನಿನ್ನ ಹತ್ತಿರ ಒಂದು ಮಾತು ಹೇಳ್ಬೇಕು ಅಂತ ಬಂದೆ," ಎಂದರು. "ವಕೀಲರ ಮುಂದೆ ಹೇಳೋಕಾಗಲ್ಲ."

ಸುಮಿಂತ್ರಾ ಚಹಾದ ಲೋಟವನ್ನು ಅವರತ್ತ ಇನ್ನಷ್ಟು ಸರಿಸಿದಳು. ಎರೋನಿ ಹೇಳಿಬಿಟ್ಟನೇ?

"ಆ ಹಿಂದಿನ ಗೋಡೆ. ಕಟ್ಟಿಸೋವಾಗ ಮೂರು ಕಡೆ ಸರಿಯಾಗಿ ಕಟ್ಟಿಸಿದೆ. ನಾಲ್ಕನೇದು ಅದು. ಆ ವರ್ಷ ನನ್ನ ಹೆಂಡತಿಗೆ ಆಪರೇಷನ್ ಆಯ್ತು, ಕೈ ಖಾಲಿ. ಎರಡಡಿಗೊಂದು ಕಬ್ಬಿಣದ ಕಂಬಿ ನಿಲ್ಲಿಸ್ಬೇಕಾದಲ್ಲಿ ನಾಲ್ಕಡಿಗೊಂದು ನಿಲ್ಲಿಸಿದೆ. ಹಿಂದುಗಡೆ ತಾನೆ, ಯಾರು ನೋಡ್ತಾರೆ ಅಂದ್ಕೊಂಡೆ." ಅವರು ಮೇಜಿನ ಹಾಸಿನ ಮೇಲಿನ ಹೂವಿನ ಚಿತ್ರವನ್ನು ಬೆರಳಿನಿಂದ ಉಜ್ಜುತ್ತಿದ್ದರು. "ಮೇಸ್ತ್ರಿಗೂ ನನಗೂ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ. ಅವಳಿಗೂ ಹೇಳ್ಲಿಲ್ಲ. ಗಾಳಿ ಎದ್ದಾಗಲೆಲ್ಲ ಭಯ ಆಗೋದು. ಬೆಳಿಗ್ಗೆ ಬಂದು ಗೋಡೆ ನೋಡ್ಕೊಂಡು ಹೋಗ್ತಿದ್ದೆ. ಬಾಡಿಗೆ ಕೇಳೋಕೆ ಬಂದೆ ಅಂತ ನೀವು ತಿಳ್ಕೊಂಡಿರ್ತೀರಿ."

ಗಂಡ ಹೆಂಡತಿ ಹಾಗೆಯೇ ತಿಳಿದುಕೊಂಡಿದ್ದರು. ಪ್ರತಿ ಚಂಡಮಾರುತದ ಮರುದಿನ ಗಂಬೂಟು ಹಾಕಿಕೊಂಡು ಬರುವ ಮಾಸ್ಟರನ್ನು ನೋಡಿ ಬಿಸುನ್, ಬಾಡಿಗೆ ವಸೂಲಿಗೆ ಬಂದ್ರು ಎಂದು ನಗಾಡುತ್ತಿದ್ದ.

"ಗೋಡೆ ಕೂರ್ತಾ ಇದೆ ಅಂತ ಏಜೆಂಟ್ ಹೇಳಿದಾಗ, ಬಂತಲ್ಲ, ಕೊನೆಗೂ ಬಂತಲ್ಲ ಅನ್ನಿಸ್ತು. ಇಷ್ಟು ವರ್ಷ ನಿಮ್ಮನ್ನೆಲ್ಲ ಅದರ ಕೆಳಗೆ ಮಲಗಿಸಿ ಬಾಡಿಗೆ ತಿಂದೆ. ನಿನಗೇ ಮಾರೋಕೆ ನನಗೆ ಮನಸ್ಸಿರಲಿಲ್ಲ, ಗೊತ್ತಿದ್ದೂ ಮಾರಿದ ಹಾಗಾಗುತ್ತೆ. ಆದರೆ ಬೇರೆಯೋರಿಗೆ ಕೊಟ್ರೆ ನೀವು ಬೀದಿಗೆ ಬೀಳ್ತೀರಿ. ಇನ್ನೂ ಐದು ಸಾವಿರ ಕಮ್ಮಿ ಮಾಡು ಅಂತ ಮಗಳಿಗೆ ಹೇಳಿದ್ದೀನಿ. ಆ ದುಡ್ಡಲ್ಲಿ ಗೋಡೆಗೆ ಹೊರಗಿಂದ ಆಸರೆ ಕಟ್ಟಿಸು. ಇದೊಂದು ನನ್ನ ಮೇಲೆ ಇಟ್ಕೋಬೇಡ, ತಾಯಿ."

ಹೇಳುತ್ತ ಅವರು ಎರಡು ಕೈ ಜೋಡಿಸಿದರು. ಸಾವಿರಾರು ಮಕ್ಕಳಿಗೆ ಪಾಠ ಹೇಳಿದ ಮುದುಕ, ಬಾಡಿಗೆಯವಳ ಅಡುಗೆಮನೆಯಲ್ಲಿ ಕೂತು, ಅವಳಿಗೆ ಕೈ ಮುಗಿದರು.

ಸುಮಿಂತ್ರಾ ಅವರ ಕೈ ಹಿಡಿದು ಕೆಳಗಿಳಿಸಿದಳು. ಹಿಡಿದದ್ದನ್ನು ಬಿಡದೆ ಹೇಳಿದಳು:

"ಮಾಸ್ಟರ್, ಗೋಡೆ ಕೂರ್ತಾ ಇಲ್ಲ."

ಅವರು ತಲೆಯೆತ್ತಿದರು.

"ಬ್ಯಾಂಕಿನೋರು ಕಳಿಸಿದ್ದ ಎರೋನಿ ನೋಡ್ದ. ಗಾರೆ ಒಡೆದು ಒಳಗೆ ನೋಡ್ದ. ಕಲ್ಲಿನ ಹಾಗಿದೆ ಅಂದ. ನೀವು ಹಾಕಿದ ಕಂಬಿ ಸಾಕಾಗಿದೆ."

ಮಾಸ್ಟರ ಮುಖ ಒಂದು ಕ್ಷಣ ಹಗುರಾಯಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಳೆಗಾಲದಲ್ಲಿ ನನಗೂ ಅನುಮಾನ ಬಂದಿತ್ತು ಎಂದುಬಿಟ್ಟಿದ್ದರೆ ಅವರು ನಂಬುತ್ತಿದ್ದರು, ಇಬ್ಬರೂ ಉಳಿಯುತ್ತಿದ್ದರು. ಆ ವಾಕ್ಯ ಅವಳ ನಾಲಗೆಯ ಮೇಲೇ ಇತ್ತು. ಆದರೆ ಬಾಯಿಗೆ ಬಂದದ್ದು ಇನ್ನೊಂದು.

"ನನಗೆ ಮೊದಲಿಂದಲೂ ಗೊತ್ತಿತ್ತು. ಟ್ಯಾಂಕಿನ ಕಟ್ಟೆ ಕಿತ್ತಾಗ ಬಂದ ಬಿರುಕು ಅದು. ಕೂರ್ತಾ ಇದೆ ಅಂತ ಲೌಟೋಕಾದವರಿಗೆ ಹೇಳಿದ್ದು ನಾನೇ. ಬೆಲೆ ಇಳೀಲಿ ಅಂತ."

ಮುಂದಿನ ಕೋಣೆಯಲ್ಲಿ ಬಿಸುನ್ ಕೇಳುತ್ತಿದ್ದ ರೇಡಿಯೋ ನಿಂತಿತು.

ಮಾಸ್ಟರ್ ಕೈ ಬಿಡಿಸಿಕೊಂಡರು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಎದ್ದು ಹಿಂಬಾಗಿಲಿನಿಂದ ಹಿತ್ತಲಿಗೆ ಇಳಿದರು. ಅಡುಗೆಮನೆಯ ಕಿಟಕಿಯ ಗಾಜಿನ ಪಟ್ಟಿಗಳ ಸಂದಿಯಲ್ಲಿ ಅವಳಿಗೆ ಅವರ ಬೆನ್ನು, ಗೋಡೆಗೆ ಒತ್ತಿದ ಅಂಗೈ ಕಾಣುತ್ತಿತ್ತು. ಬಹಳ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಮನೆಯೊಳಗೆ ಬರದೆ ಪಕ್ಕದ ಓಣಿಯಿಂದಲೇ ರಸ್ತೆಗೆ ಹೋದರು. ಸುಮಿಂತ್ರಾ ಕೊಡೆ ಎತ್ತಿಕೊಂಡು ಹಿಂದೆ ಓಡಿದಳು.

ಕೊಡೆ ತೆಗೆದುಕೊಂಡು ಅವರು, "ಒಂದು ತಿಂಗಳೂ ಬಾಡಿಗೆ ತಪ್ಪಿಸಿದೋಳಲ್ಲ ನೀನು," ಎಂದರು. "ಬಂದು ಬಾಯಿ ಬಿಟ್ಟು ಕೇಳಬಹುದಿತ್ತಲ್ಲ."

"ಕೇಳಿದ್ರೆ ಇಷ್ಟಕ್ಕೆ ಕೊಡ್ತಿದ್ರಾ ಮಾಸ್ಟರ್?"

ಅವರು ಯೋಚಿಸಿದರು. ಗಣಿತದ ಮೇಷ್ಟರು, ಉತ್ತರ ಬಾರದೆ ಬಾಯಿ ತೆರೆಯುವವರಲ್ಲ.

"ಇಲ್ಲ," ಎಂದರು. "ಮಗಳು ಒಪ್ತಿರಲಿಲ್ಲ. ನಾನೂ ಕೊಡ್ತಿರಲಿಲ್ಲ ಅಂತ ಕಾಣುತ್ತೆ."

ಬುಧವಾರ ವಕೀಲರ ಕಚೇರಿಗೆ ಯಾರೂ ಹೋಗಲಿಲ್ಲ. ಶುಕ್ರವಾರ ಏಜೆಂಟಿನ ಪತ್ರ ಬಂತು, ಬೆಲೆ ಮತ್ತೆ ಎರಡು ಎಂಬತ್ತು ಎಂದು. ಸುಳ್ಳು ಹೇಳಿದ್ದಕ್ಕೆ ಪೊಲೀಸಿಗೆ ಹೋಗಬಹುದು, ಮಾಸ್ಟರ್ ಬೇಡವೆಂದಿದ್ದಾರೆ ಎಂಬ ಸಾಲೂ ಅದರಲ್ಲಿತ್ತು. ಸುಮಿಂತ್ರಾ ಹದಿನೈದು ದಿನ ಒದ್ದಾಡಿದಳು. ಬ್ಯಾಂಕಿಗೆ ಮೂರು ಸಲ ಹೋದಳು. ತಾನು ಮತ್ತೆ ಕೆಲಸಕ್ಕೆ ಸೇರುತ್ತೇನೆ ಎಂದಳು, ಇಪ್ಪತ್ತರ ಬದಲು ಮೂವತ್ತು ವರ್ಷದ ಕಂತು ಕೊಡಿ ಎಂದಳು. ಐವತ್ತಾರು ವರ್ಷದವಳಿಗೆ ಮೂವತ್ತು ವರ್ಷದ ಸಾಲ ಯಾರು ಕೊಡುತ್ತಾರೆ? ಹಳೆಯ ಕಚೇರಿಯ ಮೆಟ್ಟಿಲು ಹತ್ತಿ ಎರೋನಿಯನ್ನು ಕೇಳಿದಳು. ಅವನು ಅವಳನ್ನು ಕೂರಿಸಿ, ನೀರು ಕೊಟ್ಟು, ತನ್ನ ಜೇಬಿನಿಂದ ಎರಡು ಸಾವಿರ ಕೊಡಬಲ್ಲೆ ಎಂದ. ಕೊರತೆ ಹನ್ನೆರಡು ಸಾವಿರದ್ದು, ಅದೂ ಮುಂಗಡಕ್ಕೆ ಮಾತ್ರ. ಕೆಲಸ? ಈಗ ಕಚೇರಿಯಲ್ಲಿ ಎಲ್ಲರೂ ತಮ್ಮ ವರದಿಯನ್ನು ತಾವೇ ಕಂಪ್ಯೂಟರಿನಲ್ಲಿ ಬೆರಳಾಡಿಸಿ ಮುಗಿಸುತ್ತಿದ್ದರು.

ತಾರುಸಿಲಾಗೆ ವಿಷಯ ಹೇಳಿದ್ದು ಬಟ್ಟೆಯ ತಂತಿಯ ಕೆಳಗೆ. ಪೂರ್ತಿ ಕೇಳಿಸಿಕೊಂಡು ತಾರುಸಿಲಾ ಒದ್ದೆ ಚಾದರವನ್ನು ಮತ್ತೆ ಬುಟ್ಟಿಗೆ ಹಾಕಿದಳು.

"ಸುಳ್ಳು ಹೇಳೋವಾಗ ನನ್ನ ಕೇಳಿದ್ಯಾ?"

"ಇಲ್ಲ."

"ನಿಜ ಹೇಳೋವಾಗ ಕೇಳಿದ್ಯಾ?"

ಸುಮಿಂತ್ರಾ ಇಲ್ಲವೆಂದು ತಲೆಯಾಡಿಸಿದಳು.

"ಅದರಲ್ಲಿ ನನ್ನ ಮಗನ ದುಡ್ಡೂ ಇತ್ತು. ಮರಳುಗಾಡಿನಲ್ಲಿ ಬಂದೂಕು ಹಿಡ್ಕೊಂಡು ನಿಂತು ಸಂಪಾದಿಸಿದ್ದು. ನೀನು ದೇವರ ಮುಂದೆ ಒಳ್ಳೆಯವಳಾದೆ, ಆಗು. ನಾನೂ ಚರ್ಚಿಗೆ ಹೋಗೋಳೇ, ಬೇಡ ಅನ್ನೋಕೆ ನನಗೆ ಬಾಯಿಲ್ಲ. ಆದರೆ ನನ್ನ ಜೊತೆ ಮಾತಾಡಬೇಡ."

ಅಂದಿನಿಂದ ತಾರುಸಿಲಾ ತನ್ನ ಬಟ್ಟೆಯನ್ನು ಮೇಲಿನ ಕಟಾಂಜನದ ಮೇಲೆಯೇ ಹರವತೊಡಗಿದಳು. ನೀರು ಕೆಳಗೆ ಸುಮಿಂತ್ರಾಳ ಹೊಸಿಲಿಗೆ ತೊಟ್ಟಿಕ್ಕುತ್ತಿತ್ತು.

ಪೊನ್ನುಸಾಮಿ ಮತ್ತೆ ಬಂದ. ಈ ಸಲ ಇಂಜಿನಿಯರನ್ನೂ ಕರೆತಂದಿದ್ದ. ಐದು ವಾರದಲ್ಲಿ ಕಟ್ಟಡ ಅವನದಾಯಿತು. ಮೇಲಿನ ಮನೆಗಳಿಗೆ ಬಾಡಿಗೆ ಏರಿತು. ಕೆಳಗಿನ ಎರಡು ಮನೆ ಖಾಲಿ ಮಾಡಿಸಿ ರಸ್ತೆಗೆ ಮುಖವಾಗಿ ಅಂಗಡಿ ತೆಗೆಯುವುದು ಅವನ ಲೆಕ್ಕ. ಸುಮಿಂತ್ರಾ ಅದನ್ನು ಮನಸ್ಸಿನಲ್ಲೇ ಹಾಕಿ ನೋಡಿದಳು, ಸರಿಯಾಗಿತ್ತು. ತೆರವಿಗೆ ಮೂರು ತಿಂಗಳ ಗಡುವು ಕೊಟ್ಟ. ಅವಳ ಮೇಲೆ ಅವನಿಗೆ ಸಿಟ್ಟೇನೂ ಇದ್ದಂತಿರಲಿಲ್ಲ. ಅಗ್ಗದಲ್ಲಿ ಹೊಡ್ಕೊಳ್ಳೋಕೆ ನೋಡಿದ್ರಿ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ ಎಂದು ನಕ್ಕ. ಆ ನಗು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಾಸ್ಟರ್ ಆಕ್ಲೆಂಡಿಗೆ ಹೋದದ್ದು ಅವಳಿಗೆ ಬೇರೆಯವರಿಂದ ಗೊತ್ತಾಯಿತು.

ಮೂರು ತಿಂಗಳು ಎನ್ನುವುದು ಬಸ್ಸಿನಲ್ಲಿ ಮೂರು ನಿಲ್ದಾಣ ದಾಟಿದಷ್ಟು ಬೇಗ ಕಳೆಯಿತು. ಬಿಸುನ್‌ನ ಹಿಮ್ಮಡಿಯ ಹುಣ್ಣು ಕಪ್ಪಾಯಿತು. ಡಾಕ್ಟರು ಅದನ್ನು ನೋಡಿ ಏನನ್ನೋ ಬರೆದರು. ಒಂದು ಮಧ್ಯಾಹ್ನ ಅವಳು ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಅವನು ಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದ.

"ನನ್ನನ್ನ ಸರ್ಕಾರದ ವೃದ್ಧಾಶ್ರಮಕ್ಕೆ ಸೇರಿಸಿಬಿಡು," ಎಂದ. "ಅಲ್ಲಿ ಮೆಟ್ಟಿಲಿಲ್ಲ. ನೀನು ಎಲ್ಲಾದ್ರೂ ಒಂದು ಕೋಣೆ ಹಿಡಿ. ಭಾನುವಾರ ಬಂದು ನೋಡ್ಕೊಂಡು ಹೋಗು."

ಅವಳು ನಾದುತ್ತಲೇ ಇದ್ದಳು.

"ತಮಾಷೆ ಮಾಡ್ತಿಲ್ಲ ಮಾರಾಯ್ತಿ."

"ಮಾಸ್ಟರಿಗೆ ಯಾಕೆ ಹೇಳಿದೆ ಅಂತ ನೀವು ಒಂದು ಸಲಾನೂ ಕೇಳ್ಲಿಲ್ಲ."

"ಕೇಳಿ ಏನು ಮಾಡ್ಲಿ?" ಕುರ್ಚಿಯ ಗಾಲಿಯನ್ನು ತುಸು ಹಿಂದಕ್ಕೆ ತಿರುಗಿಸಿ ಅವನು ಹೇಳಿದ, "ನೀನು ಹೇಳದೇ ಹೋಗಿದ್ರೆ ಒಳ್ಳೇದಿತ್ತು. ಅಷ್ಟು ನಿಜ. ದಿನಾ ಹಾಗೇ ಅನ್ನಿಸುತ್ತೆ."

ಹಿಟ್ಟು ಕೈಗೆ ಅಂಟುತ್ತಿತ್ತು. ನೀರು ಹೆಚ್ಚಾಗಿತ್ತು. ಅವಳು ಇನ್ನೊಂದು ಹಿಡಿ ಹಿಟ್ಟು ಉದುರಿಸಿಕೊಂಡು, ತನಗೂ ದಿನಾ ಹಾಗೇ ಅನ್ನಿಸುತ್ತದೆ ಎಂದಳು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ವೃದ್ಧಾಶ್ರಮದ ಮಾತನ್ನೂ ಎತ್ತಲಿಲ್ಲ.

ಕೊನೆಗೆ ಸಿಕ್ಕಿದ್ದು ನಾಬುವಾದ ಗುಡ್ಡದ ಮೇಲೆ, ದಿನಸಿ ಅಂಗಡಿಯ ಹಿಂದಿನ ಮನೆಯ ಮಹಡಿ. ಒಂದು ಕೋಣೆ, ಒಂದು ಒಲೆ, ಬಾಡಿಗೆ ಈಗಿನಷ್ಟೇ. ರಸ್ತೆಯಿಂದ ಮೂವತ್ತೊಂದು ಮೆಟ್ಟಿಲು. ವಾರಕ್ಕೆ ಮೂರು ಸಲ ಅವನನ್ನು ಆಸ್ಪತ್ರೆಗೆಂದು ಇಳಿಸಿ ಹತ್ತಿಸುವಂತಿರಲಿಲ್ಲ. ಪಟ್ಟಿ ಕಟ್ಟುವುದನ್ನು ನರ್ಸಿನ ಹತ್ತಿರ ಕಲಿತುಕೊಂಡಳು.

ಶನಿವಾರ ಸಾಮಾನಿನ ಜೊತೆ ಬಾಡಿಗೆ ಲಾರಿ ಹೊರಟಿತು. ಬಿಸುನ್‌ನನ್ನು ಟ್ಯಾಕ್ಸಿಯಲ್ಲಿ ಕರೆತಂದು ಮೆಟ್ಟಿಲಿನ ಬುಡದಲ್ಲಿ ಇಳಿಸಿ ಸುಮಿಂತ್ರಾ ಮೇಲೆ ನೋಡಿದಳು. ಲಾರಿಯ ಇಬ್ಬರು ಕೂಲಿಗಳು ಮಂಚ ಸಾಗಿಸಿ ಸುಸ್ತಾಗಿ ಕೂತಿದ್ದರು. ನೂರೈದು ಕಿಲೋ ತೂಕದ ಗಂಡಸನ್ನು ಗಾಲಿಕುರ್ಚಿ ಸಮೇತ ಎತ್ತಲು ಆಗುವುದಿಲ್ಲ ಎಂದರು. ಹೆಚ್ಚು ಕೊಡುತ್ತೇನೆ ಎಂದಳು. ದುಡ್ಡಿನ ಪ್ರಶ್ನೆಯಲ್ಲ, ಜಾರಿದರೆ ಯಾರು ಹೊಣೆ ಎಂದರು. ತುಂತುರು ಶುರುವಾಯಿತು. ಬಿಸುನ್ ಅಂಗಡಿಯ ಸೂರಿನ ಕೆಳಗೆ, ಬಂದು ಹೋಗುವವರಿಗೆ ಕೈಯೆತ್ತದೆ, ಮಡಿಲಿನಲ್ಲಿ ಕೈ ಇಟ್ಟುಕೊಂಡು ಕೂತಿದ್ದ. ಒಂದು ಗಂಟೆ ಹಾಗೇ ಹೋಯಿತು.

ಆಮೇಲೆ ರಸ್ತೆಯ ತಿರುವಿನಲ್ಲಿ ತಾರುಸಿಲಾ ಕಾಣಿಸಿದಳು. ಹಿಂದೆ ಅವಳ ಚರ್ಚಿನಲ್ಲಿ ಹಾಡುವ ನಾಲ್ವರು ಗಂಡಸರು, ಒಬ್ಬನ ತಲೆಯ ಮೇಲೆ ತೋಳಿರುವ ಮರದ ಕುರ್ಚಿ. ಸುಮಿಂತ್ರಾಳ ಕಡೆ ಅವಳು ನೋಡಲಿಲ್ಲ. ಬಿಸುನ್‌ನ ಹತ್ತಿರ ಹೋಗಿ, "ನಡಿ ಅಣ್ಣ," ಎಂದಳು. ಗಂಡಸರು ಅವನನ್ನು ಮರದ ಕುರ್ಚಿಗೆ ದಾಟಿಸಿದರು. ತಾರುಸಿಲಾ ಚಾದರವೊಂದನ್ನು ಅವನ ಎದೆಯ ಸುತ್ತ ತಂದು ಕುರ್ಚಿಯ ಬೆನ್ನಿಗೆ ಬಿಗಿದು ಕಟ್ಟಿದಳು. ನಾಲ್ವರು ನಾಲ್ಕು ಕಾಲು ಹಿಡಿದು ಎತ್ತಿದರು.

ಹದಿನೈದನೇ ಮೆಟ್ಟಿಲಿನ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ಕುರ್ಚಿ ಇಳಿಸಿದರು. ಅಲ್ಲಿ ಜಾಗ ಕಡಿಮೆ. ಕುರ್ಚಿಯ ಹಿಂಗಾಲು ಅಂಚಿಗೇ ಬಂದಿತ್ತು. ತಾರುಸಿಲಾ ಒಂದು ಮೆಟ್ಟಿಲು ಕೆಳಗೆ ನಿಂತು, ಕುರ್ಚಿ ಜಾರದಂತೆ ಅದರ ಬೆನ್ನಿಗೆ ತನ್ನ ಭುಜವನ್ನು ಒತ್ತಿ ಆತುಕೊಂಡಳು. ಗಂಡಸರು ಮುಖ ಒರೆಸಿಕೊಂಡರು. ಬಿಸುನ್ ಎಲ್ಲಿಯೂ ನೋಡದೆ ಕಣ್ಣು ಮುಚ್ಚಿದ್ದ. ಎಡಗಾಲಿನ ಚಪ್ಪಲಿ ಎತ್ತುವಾಗಲೇ ಕಳಚಿ ಬಿದ್ದಿತ್ತು. ಸುಮಿಂತ್ರಾ ಅದನ್ನು ಹಿಡಿದುಕೊಂಡು ಎರಡು ಮೆಟ್ಟಿಲು ಕೆಳಗೆ ನಿಂತಿದ್ದಳು.

ತಾರುಸಿಲಾ ತಿರುಗಲಿಲ್ಲ. ಭುಜ ಕದಲಿಸದೆ, ಒಂದು ಕೈಯನ್ನು ಹಿಂದಕ್ಕೆ ಚಾಚಿ, ಅಂಗೈ ಬಿಚ್ಚಿ ಹಿಡಿದಳು. ಸುಮಿಂತ್ರಾ ಚಪ್ಪಲಿಯನ್ನು ಅದರಲ್ಲಿಟ್ಟಳು. ಮಳೆ ಜೋರಾಗುತ್ತಿತ್ತು. ಗಂಡಸರಲ್ಲಿ ಒಬ್ಬ ಮೂರು ಎಣಿಸಿದ, ಕುರ್ಚಿ ಮತ್ತೆ ಮೇಲೆದ್ದಿತು.